ಹೆಸರು ಹೇಳುವ ಹಂಬಲ

ಮರಾಠಿ ಸೀಮೆಯ ಸದಾಶಿವ ಪೇಠೆಯಲ್ಲಿ, ಹಲವು ಬಿಡಾರಗಳಿದ್ದ ನಮ್ಮ ವಾಡೆಯಲ್ಲಿ, ಧಾರವಾಡದ ಕಡೆಯ ಕೆಲವು ಮನೆತನಗಳಿದ್ದವು. ಹಿಂದಿನ ಅಂಗಳದ ಒಂಟಿ ಕೋಣೆ ಗೋದಕ್ಕನದು. ಅವಳ ಗಂಡ ಮಾರ್ತಾಂಡರಾಯ ದಂಡಿನ ಕಚೇರಿಯಲ್ಲಿ ಕಾರಕೂನ. ಮೊದಲ ಮಹಾಯುದ್ಧದಲ್ಲಿ ಪಲ್ಟನ್ನಿನ ಸಂಗಡ ಬಸ್ರಾಕ್ಕೆ ಹೋದವನು ಮರಳಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಹೀಗಾಗಿ ಅವಳ ಹಣೆಯ ಕುಂಕುಮ ಉಳಿಯಿತು. ಅದನ್ನು ಕಂಡಾಗಲೆಲ್ಲ ಉಳಿದವರಿಗೆ ಕಸಿವಿಸಿ.

"ಗೋದಕ್ಕ ಹಂಬಲ ಹಚ್ಚಿಕೊಂಡಾಳ," ಎನ್ನುತ್ತಿದ್ದರು ಹೆಂಗಸರು, ಜ್ವರ ಬಂದಿದೆ ಎನ್ನುವ ದನಿಯಲ್ಲಿ. ಆ ಮಾತನ್ನು ನಮ್ಮವರು ಹಗುರಾಗಿ ಬಳಸುವುದಿಲ್ಲ. ಮಾವಿನಹಣ್ಣು ಕಂಡರೆ ಆಸೆಯಾಗುತ್ತದೆ, ಹಂಬಲವಾಗುವುದಿಲ್ಲ. ಆಸೆ ತೀರುತ್ತದೆ, ಇಲ್ಲವೇ ಮರೆತುಹೋಗುತ್ತದೆ. ಹಂಬಲ ಹಾಗಲ್ಲ, ಊಟಕ್ಕೆ ಕೂತರೆ ಅದೂ ಬಂದು ಪಕ್ಕದಲ್ಲಿ ಕೂಡುತ್ತದೆ.

ಆದರೆ ಅವಳ ಹಂಬಲ ಏನೆಂದು ಯಾರು ಕೇಳಿದ್ದರು? ಗಂಡ ಬಂದಾನೆಂದು ಅವಳೇನೂ ದಾರಿ ಕಾಯುತ್ತಿರಲಿಲ್ಲ. ಒಮ್ಮೆ ಬಾಯಿತುಂಬ ಅವನ ಹೆಸರು ಹೇಳಬೇಕಿತ್ತು, ಅಷ್ಟೇ. ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಅರಿಷಿಣ-ಕುಂಕುಮಕ್ಕೆ ಹೋದಾಗ ಬಾಗಿಲಲ್ಲಿ ತಡೆದು "ಹೆಸರು ಹೇಳ್ರಿ" ಎಂದು ಕಾಡಿದರೆ ಮಾತ್ರ, ಒಡಪು ಕಟ್ಟಿ, ಪ್ರಾಸದ ನಡುವೆ ಅದನ್ನು ಸೇರಿಸಿ ಹೇಳಬೇಕು. ಮಾರ್ತಾಂಡರಾಯ ಕಾಣೆಯಾದ ಮೇಲೆ ಗೋದಕ್ಕನನ್ನು ಯಾರೂ ಕಾಡಲಿಲ್ಲ. "ಬರ್ರಿ, ಕೂಡ್ರಿ" ಎಂದು ಅವಸರದಿಂದ ಒಳಗೆ ಕರೆದುಬಿಡುತ್ತಿದ್ದರು. ನೋಯಿಸಬಾರದೆಂಬ ಕರುಣೆಯಂತೆ! ಸುಡಬೇಕು ಅಂಥ ಕರುಣೆಯನ್ನು. ಅವಳು ಪ್ರತಿ ಸಲ ಹೊಸ್ತಿಲಲ್ಲಿ ತುಸು ನಿಂತು, ಆಮೇಲೆ ಒಳಗೆ ಬರುತ್ತಿದ್ದಳು.

ಒಂದು ಚೈತ್ರಗೌರಿಯ ಅರಿಷಿಣ-ಕುಂಕುಮಕ್ಕೆ ಗೋದಕ್ಕ ಅದೇ ವಾಡೆಯ ಗಂಗೂಬಾಯಿಯವರ ಮನೆಗೆ ಹೋದಾಗ, ಬೆಳಗಾವಿಯಿಂದ ಆಗಷ್ಟೇ ಬಂದಿದ್ದ ಅವರ ಸೊಸೆ ಅಂಬಾ ಬಾಗಿಲಲ್ಲಿದ್ದಳು. ಹುಡುಗಿಗೆ ಏನೂ ಗೊತ್ತಿಲ್ಲ. ಹಣೆಯ ಕುಂಕುಮ ಕಂಡಳು, ಕೈ ಚಾಚಿ ಅಡ್ಡ ನಿಂತಳು.

"ಹೆಸರು ಹೇಳ್ರಿ ಅಕ್ಕಾರ! ಇಲ್ಲಾಂದ್ರ ಒಳಗ ಬಿಡೂದಿಲ್ಲ."

ಕೋಸಂಬರಿ ಹಂಚುತ್ತಿದ್ದ ಗಂಗೂಬಾಯಿ ಗಾಬರಿಯಾಗಿ ಕೂಗಿದರು. "ಅಂಬಾ, ಸರಿ ಆ ಕಡೆ! ಅವರಿಗೆ ಕೇಳಬಾರದು."

"ಯಾಕ ಕೇಳಬಾರದ್ರಿ? ಕೇಳ್ಲಿ ಬಿಡ್ರಿ," ಎಂದಳು ಗೋದಕ್ಕ. ಸೆರಗು ಸರಿಮಾಡಿಕೊಂಡಳು. ಹೊಸ್ತಿಲಲ್ಲೇ ನಿಂತು ಹೇಳಿದಳು:

"ದೂರದಿಂದ ಬಂದವರಿಗೆ ಕೊಡತೇನಿ ನೀರು ಬೆಲ್ಲ,
ಮಾರ್ತಾಂಡರಾಯರ ಹಂಬಲ ತೀರೂ ಹಂಗಿಲ್ಲ."

ಅಂಬಾ ಚಪ್ಪಾಳೆ ತಟ್ಟಿ ದಾರಿ ಬಿಟ್ಟಳು. ಗೋದಕ್ಕ ಮಾತ್ರ ಹೊಸ್ತಿಲು ದಾಟಲಿಲ್ಲ. ಆ ಹುಡುಗಿಯ ಕೈ ಹಿಡಿದು ಮತ್ತೆ ಬಾಗಿಲಿಗೆ ಅಡ್ಡ ಇಟ್ಟಳು.

"ಇನ್ನೊಮ್ಮೆ ಕೇಳವಾ," ಎಂದಳು.