ಎಶೋ ಎಂದರೆ ಬಾ, ಎಶೋ ಎಂದರೆ ಹೋಗು

ನಾವು ಕೋಲ್ಕತ್ತಾಕ್ಕೆ ಬಂದಿಳಿದ ದಿನ ಮನೆಯೊಡತಿ ಬಾಗಿಲು ತೆರೆದು, ನನ್ನ ಗಂಡನ ಮುಖವನ್ನು ದಿಟ್ಟಿಸಿ ನೋಡಿ, “ಎಶೋ ಫೆಲಿಕ್ಸ್, ಎಶೋ” ಅಂದರು. ನನ್ನ ಗಂಡನ ಹೆಸರು ನಿತೇಶ. ಫೆಲಿಕ್ಸ್ ಯಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ರೈಲಿನಲ್ಲಿ ಕೂತು ಕೂತು ಕಾಲು ಊದಿದ್ದವು, ಕೈಯಲ್ಲಿ ಮಾವಿನ ಹಣ್ಣಿನ ಬುಟ್ಟಿ ಇತ್ತು. ಹೊಸ ಊರಿನ ಹೊಸ್ತಿಲಲ್ಲಿ ನಮಗೆ ಸಿಕ್ಕ ಮೊದಲ ಸ್ವಾಗತವೇ ಬೇರೆ ಯಾರಿಗೋ ಸೇರಿದ್ದು. ಆದರೂ ಒಳಗೆ ಹೋದೆವು. ಎಶೋ ಎಂದರೆ ಬಾ ಎಂದು ಅಷ್ಟು ಹೊತ್ತಿಗೆ ಊಹೆಯಾಗಿತ್ತು.

ಮನೆಯೊಡತಿಗೆ ಎರಡೂ ಕಣ್ಣಿಗೆ ಪೊರೆ. ಎತ್ತರದ ಕಪ್ಪು ಹುಡುಗ, ಹೆಗಲಲ್ಲಿ ಬೂಟಿನ ಚೀಲ, ಅಷ್ಟು ಕಂಡರೆ ಅವರಿಗೆ ಫೆಲಿಕ್ಸನೇ. ಅವನು ಗೋವೆಯವನಂತೆ, ನಮಗಿಂತ ಮೊದಲು ಇಲ್ಲಿದ್ದ ಫುಟ್ಬಾಲ್ ಆಟಗಾರ, ನಿತೇಶನ ಹಾಗೆಯೇ. ಕ್ಲಬ್ಬಿನವರು ಹೊರ ಊರಿನ ಆಟಗಾರರಿಗೆಂದು ಈ ಮನೆಯ ಕೆಳಗಿನ ಎರಡು ಕೋಣೆ ಹಿಡಿದಿದ್ದಾರೆ. ಒಬ್ಬ ಹೋದರೆ ಇನ್ನೊಬ್ಬ. ಗೋಡೆಯ ಮೇಲೆ ಅವನು ಶಿಲುಬೆ ತೂಗುಹಾಕಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು, ಸುತ್ತಲಿನ ಸುಣ್ಣಕ್ಕೆಲ್ಲ ಹೊಗೆ ಹಿಡಿದಿತ್ತು. ನಾನು ಅದರ ಮೇಲೆ ಗಣಪತಿಯ ಪಟ ತೂಗಿದೆ. ಪಟ ಸಣ್ಣದಾಯಿತು. ಶಿಲುಬೆಯ ಎರಡು ಕೈ ಗಣಪತಿಯ ಆಚೆ ಈಚೆ ಕಾಣುತ್ತಲೇ ಇದ್ದವು. ಅಡುಗೆಮನೆಯ ಗೂಡಿನಲ್ಲಿ ಅರ್ಧ ಬಾಟಲಿ ತೆಂಗಿನೆಣ್ಣೆ ಇತ್ತು. ಸಾಸಿವೆ ಎಣ್ಣೆಯ ಊರಲ್ಲಿ ತೆಂಗಿನೆಣ್ಣೆಯ ವಾಸನೆ ಬಂದಾಗ ನನಗೆ ಅಳುವೇ ಬಂತು. ಅದನ್ನು ನಾನು ಚೆಲ್ಲಲಿಲ್ಲ, ಬಳಸಲೂ ಇಲ್ಲ.

ನಾನು ಅಂಕೋಲೆಯವಳು. ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಿತೇಶ ಅಲ್ಲೇ ಹತ್ತಿರದ ಅಮದಳ್ಳಿಯವನು, ಮನೆಮಾತು ಕೊಂಕಣಿ. ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿ ಕೂತವರಾದ್ದರಿಂದ ನಾನು ಅವನಿಗೆ ‘ನೀನು’ ಎನ್ನುತ್ತೇನೆ, ಅತ್ತೆಯ ಎದುರು ಮಾತ್ರ ನಾಲಗೆ ತಿದ್ದಿಕೊಂಡು ‘ನೀವು’. ಅವನ ಎಡಗಾಲಿನ ಬಗ್ಗೆ ನಾನು ಹೇಳಿದರೆ ಹೆಂಡತಿಯ ಬಡಾಯಿ ಎನ್ನುತ್ತೀರಿ. ಸದಾಶಿವಗಡದ ಮರಳಿನಲ್ಲಿ ಅವನು ಆಡಿದ್ದನ್ನು ನೋಡಿದವರನ್ನು ಕೇಳಿ. ಹೂತುಹೋಗುವ ಮರಳಿನಿಂದ ಚೆಂಡನ್ನು ಎತ್ತಿ, ಓಡುತ್ತಿರುವವನ ಎದೆಯ ಮೇಲೆ ಇಳಿಸುತ್ತಿದ್ದ. ಹಾಗೆ ಇಳಿಸಿದ್ದನ್ನು ನೋಡಿದ ಒಬ್ಬರು ಗೋವೆಗೆ ಕರೆದರು, ಗೋವೆಯಲ್ಲಿ ನೋಡಿದ ಇನ್ನೊಬ್ಬರು ಕೋಲ್ಕತ್ತಾಕ್ಕೆ ಕರೆದರು. ಹಾಗೆ ಬಂದೆವು.

ಇಲ್ಲಿಯವರಿಗೆ ಕಾರವಾರ ಗೊತ್ತಿಲ್ಲ. ಗೋವೆಯ ಪಕ್ಕ ಎಂದರೆ “ಓ, ಗೋವಾ” ಎಂದು ಮಾತು ಮುಗಿಸುತ್ತಾರೆ. ಕಾರವಾರದವರು ಅರ್ಧ ಗೋವೆಯವರು ಎಂದು ನಾವು ಅಂಕೋಲೆಯವರು ಯಾವಾಗಲೂ ಕಿಚಾಯಿಸುತ್ತಿದ್ದೆವು. ಆ ಪಾಪ ನನ್ನನ್ನೇ ಸುತ್ತಿಕೊಂಡಿತು. ಮೀನಿನ ಮಾರ್ಕೆಟ್ಟಿನಲ್ಲಿ ಒಬ್ಬಾತ ನನ್ನನ್ನು ಕೂಗಿ ಕರೆದು, ಬುಟ್ಟಿಯ ಅಡಿಯಿಂದ ಬಂಗಡೆ ತೆಗೆದು ತೋರಿಸಿದ. ಈ ಊರಿನವರು ಹೊಳೆಮೀನು ಕೆರೆಮೀನು ತಿನ್ನುವವರು, ಬಂಗಡೆಯನ್ನು ತಿರುಗಿಯೂ ನೋಡುವುದಿಲ್ಲ. ಗೋವೆಯ ದಾದಾನಿಗೆಂದು, ಅಂದರೆ ಫೆಲಿಕ್ಸಣ್ಣನಿಗೆಂದು, ತರಿಸುವ ರೂಢಿ, ಬಿಡಲಾಗಲಿಲ್ಲ ಅಂದ. ಆಮೇಲೆ, ದಾದಾ ಎಲ್ಲಿದ್ದಾನೆ ಎಂದು ನನ್ನನ್ನೇ ಕೇಳಿದ. ನನಗೇನು ಗೊತ್ತು? ಬಂಗಡೆ ತಂದು ಅತ್ತೆ ಕಟ್ಟಿಕೊಟ್ಟ ತಿರ್ಫಲದ ಒಣಕಾಯಿ ಹಾಕಿ ಸಾರು ಮಾಡಿದೆ. ನಿತೇಶ ಎರಡು ಸಲ ಬಡಿಸಿಕೊಂಡು ಉಂಡ. ನನಗೆ ಮಾತ್ರ ಯಾರದೋ ಎಲೆಗೆ ಕೂತ ಹಾಗಾಗಿ ಸೇರಲಿಲ್ಲ.

ಮನೆಯೊಡತಿಯನ್ನು ‘ಮಾಶಿಮಾ’ ಎಂದು ಕರೆಯಬೇಕು ಎಂದು ಕಲಿತೆ. ನಮ್ಮ ಕಡೆಯ ಮಾವಶಿಯೇ ಅದು, ತಾಯಿಯ ತಂಗಿ. ಭಾಷೆಯನ್ನು ನನಗೆ ಅವರೇ ಕಲಿಸಿದರು. ಮೇಲಿನ ಮನೆಯ ಅಜ್ಜಿಯನ್ನು ಅವರು ‘ಶೋಯಿ’ ಎನ್ನುತ್ತಿದ್ದರು, ಗೆಳತಿ ಎಂದು ಅರ್ಥ. ಒಂದು ದಿನ ಹಾಲಿನವನು, ಇಸ್ತ್ರಿಯವನು, ಎದುರು ಮನೆಯ ಮೇಷ್ಟ್ರು, ಎಲ್ಲರೂ ‘ಶೋಯಿ’ ಆಯಿತೇ ಎಂದು ಕೇಳತೊಡಗಿದಾಗ, ನನ್ನ ಒಂಟಿತನ ಇಡೀ ಓಣಿಗೇ ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತು. ಇನ್ನೂ ಒಬ್ಬಳೂ ಸಿಕ್ಕಿಲ್ಲ ಎಂದು ಮೇಷ್ಟ್ರಿಗೆ ಹೇಳಿಯೂ ಬಿಟ್ಟೆ. ಅವರು ಕೇಳುತ್ತಿದ್ದದ್ದು ಸಹಿಯನ್ನು. ಸಹಿಗೂ ಇಲ್ಲಿ ಅದೇ ಶಬ್ದ. ಪ್ರತಿ ವರ್ಷ ಆಟದ ಕಾಲಕ್ಕೆ ಮುಂಚೆ ಆಟಗಾರ ಕ್ಲಬ್ಬಿಗೆ ಹೊಸದಾಗಿ ಸಹಿ ಹಾಕಬೇಕು, ಹಾಕದಿದ್ದರೆ ಅವನು ಯಾರಿಗೂ ಸೇರಿದವನಲ್ಲ. ಆ ವರ್ಷ ಸಹಿ ಆಯಿತು. ಓಣಿಯವರೆಲ್ಲ ತಾವೇ ಹಾಕಿದಂತೆ ಸಂಭ್ರಮಪಟ್ಟರು.

ಕ್ಲಬ್ಬಿನ ಜಾಗಕ್ಕೆ ಇಲ್ಲಿ ಡೇರೆ ಎಂದೇ ಹೆಸರು. ಊರ ನಡುವಿನ ಆ ದೊಡ್ಡ ಬಯಲು ಸೈನ್ಯದ್ದು, ಗಟ್ಟಿ ಕಟ್ಟಡ ಎಬ್ಬಿಸುವಂತಿಲ್ಲ, ಅದಕ್ಕೆ ಎಷ್ಟು ಹಳೆಯ ಕ್ಲಬ್ಬಾದರೂ ಹೆಸರಿಗೆ ಡೇರೆ. ಇದು ತಿಳಿದ ದಿನ ನಿತೇಶ ನಕ್ಕು ನಕ್ಕು ಸುಸ್ತಾದ. ಅವನ ಮನೆಯವರ ಮೂಲ ಊರು ಕಾರವಾರದ ಪಕ್ಕದ ಅರ್ಗಾ. ನೌಕಾನೆಲೆ ಬಂದಾಗ ಊರು ಬಿಟ್ಟುಕೊಟ್ಟು ಅಮದಳ್ಳಿ ಕಡೆಯ ಹೊಸ ಕಾಲನಿಗೆ ಬಂದವರು ಅವರು. ಅವನಿಗೆ ಆಗ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲವಂತೆ. “ಎಲ್ಲಿಗ್ ಹೋದ್ರೂ ನಂಗೆ ಮಿಲಿಟ್ರಿ ಜಾಗವೇ ಗತಿ” ಅಂದ. ನಕ್ಕದ್ದು ಅವನೇ, ಆಮೇಲೆ ಊಟ ಬಿಟ್ಟದ್ದೂ ಅವನೇ.

ಮೊದಲ ವರ್ಷ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಳೆಯಲ್ಲಿ ಕೆಸರಾದ ಮೈದಾನ, ಮರದ ಹಲಗೆಯ ಗ್ಯಾಲರಿ, ಕೊಡೆ ಹಿಡಿದ ಮುದುಕರು. ನಮ್ಮ ಕಡೆ ಆಟ ನೋಡುವವರು ಹರೆಯದವರು, ಇಲ್ಲಿ ಅಜ್ಜಂದಿರು. ನಿತೇಶನ ಕಾಲಿಗೆ ಚೆಂಡು ಬಂದರೆ ಅವರೆಲ್ಲ “ಬಾಂ ಪಾ, ಬಾಂ ಪಾ” ಎಂದು ಕೂಗುತ್ತಿದ್ದರು, ಎಡಗಾಲು, ಎಡಗಾಲು ಎಂದು. ಇಷ್ಟು ದೊಡ್ಡ ಊರಲ್ಲಿ ನನ್ನ ಗಂಡನ ಒಂದು ಕಾಲಿಗಾದರೂ ಗುರುತು ಸಿಕ್ಕಿತಲ್ಲ ಎಂದು ನಾನು ಕಡಲೆ ತಿನ್ನುತ್ತ ಕೂತಿರುತ್ತಿದ್ದೆ. ಎರಡನೇ ವರ್ಷ ಅದೇ ಕಾಲಿನ ಮೊಣಗಂಟು ಉಳುಕಿತು. ವಾಸಿಯಾಗುವಷ್ಟರಲ್ಲಿ ಹೊಸ ಕೋಚ್ ಬಂದಿದ್ದರು, ಅವನ ಜಾಗಕ್ಕೆ ಒಬ್ಬ ಹೊಸ ಆಟಗಾರನೂ ಬಂದಿದ್ದ. ನಿತೇಶ ದಿನಾ ಅಭ್ಯಾಸಕ್ಕೆ ಹೋಗುತ್ತಿದ್ದ. ಆಟದ ದಿನ ಮಾತ್ರ ಹೊರಗೆ ಕೂರುತ್ತಿದ್ದ. ಯಾಕೆ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ದಿನಗಳಲ್ಲೇ ಮಾಶಿಮಾ ಫೆಲಿಕ್ಸನ ಕಥೆ ಹೇಳಿದ್ದು. ಒಂದು ಸಂಜೆ ಕ್ಲಬ್ಬಿನ ಕಾರ್ಯದರ್ಶಿ ಅವನನ್ನು ಕರೆಸಿ ಚಹಾ ಕುಡಿಸಿ, ಬಹಳ ಪ್ರೀತಿಯಿಂದ ‘ಎಶೋ’ ಅಂದರಂತೆ. ಈ ಊರಲ್ಲಿ ಹೊರಟು ನಿಂತವರಿಗೆ ‘ಹೋಗು’ ಎನ್ನುವುದು ಅಪಶಕುನ. ಬಾ ಎಂದೇ ಕಳಿಸುತ್ತಾರೆ. ನಿನ್ನ ಕೆಲಸ ಮುಗಿಯಿತು, ಇನ್ನು ಹೊರಡು ಎನ್ನುವುದಕ್ಕೂ ಎಶೋ ಎಂದೇ ಹೇಳುತ್ತಾರೆ. ಫೆಲಿಕ್ಸ್ ಮಾರನೇ ದಿನ ಎಂದಿನಂತೆ ಬೂಟು ಹೊತ್ತು ಡೇರೆಗೆ ಹೋದ. ಮಳೆಗಾಲ ಪೂರ್ತಿ ಹೋದ. ಬಾ ಎಂದು ಕರೆದವನನ್ನು ಎಬ್ಬಿಸುವುದು ಹೇಗೆ ಎಂದು ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ ಹೋದವನು ಕೋಣೆಗೆ ತಿರುಗಿ ಬರಲಿಲ್ಲ. ಹಡಗು ಹತ್ತಿದ ಎನ್ನುವವರಿದ್ದಾರೆ, ಮಡಗಾವಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ ಎನ್ನುವವರಿದ್ದಾರೆ. ಪರಭಾಷೆಯವನು ಪಾಪ, ತಿಳಿಯಲಿಲ್ಲ, ಎಂದು ಮಾಶಿಮಾ ಕಣ್ಣೊರೆಸಿಕೊಂಡರು.

ಆದರೆ ಕೊಂಕಣಿಯವನಿಗೆ ಅದು ತಿಳಿಯದೇ ಇರಲು ಸಾಧ್ಯವೇ? ಅವರ ಮನೆಗಳಲ್ಲೂ ಹೊರಡುವವನು ‘ಯೇತಾಂ’ ಎನ್ನುತ್ತಾನೆ, ಬರುತ್ತೇನೆ ಎಂದು. ಅಂಕೋಲೆಯಲ್ಲಿ ನನ್ನ ಅಪ್ಪ ಪೇಟೆಗೆ ಹೋಗುವಾಗಲೂ “ಬತ್ತೆ” ಎಂದೇ ಹೇಳುವುದು. ಬರುವ ಮಾತು ಹೇಳಿ ಹೋಗುವ ಜನ ನಾವು. ಫೆಲಿಕ್ಸನಿಗೆ ಅರ್ಥವಾಗಿತ್ತು. ಅರ್ಥವಾದರೂ ಆ ಶಬ್ದದ ಮೇಲ್ಮೈಯನ್ನು ಹಿಡಿದುಕೊಂಡ, ಅಷ್ಟೇ. ಅವತ್ತಿನಿಂದ ನನಗೆ ಅವನು ಕೋಣೆಯಲ್ಲೇ ಇದ್ದಾನೆ ಅನ್ನಿಸತೊಡಗಿತು. ಬೆಳಿಗ್ಗೆ ನಿತೇಶ ಬೂಟಿನ ದಾರ ಕಟ್ಟುವಾಗ ಪಕ್ಕದಲ್ಲಿ ಇನ್ನೊಬ್ಬ ಕೂತು ದಾರ ಕಟ್ಟುತ್ತಿದ್ದಾನೆ ಅನ್ನಿಸಿ, ನಾನು ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಹೆದರಿಕೆ ಫೆಲಿಕ್ಸನದಲ್ಲ.

ಆಟದ ಕಾಲ ಮುಗಿದ ಮೇಲೆ ಕಾರ್ಯದರ್ಶಿಗಳು ನಿತೇಶನನ್ನೂ ಕರೆಸಿದರು. ಅವನು ತಿರುಗಿ ಬಂದು ಚಪ್ಪಲಿ ಬಿಡುವಾಗಲೇ ಕೇಳಿದೆ. ಚಹಾ ಕೊಟ್ಟರು, ಆಯಿಯ, ಎಂದರೆ ನನ್ನ ಅತ್ತೆಯ, ಆರೋಗ್ಯ ವಿಚಾರಿಸಿದರು, ಕಾಲು ಹೇಗಿದೆ ಎಂದು ಮುಟ್ಟಿ ನೋಡಿದರು ಅಂದ.

“ಕಡೆಗೆ ಎಂತಾ ಅಂದ್ರು?”

“ಎಶೋ ಅಂದ್ರು.”

“ಕಾಲ್ ಎಶೋ ಅಂದ್ರೋ, ಬರೀ ಎಶೋ ಅಂದ್ರೋ?”

ಕಾಲ್ ಎಂದರೆ ನಾಳೆ. ನಾಳೆ ಬಾ ಎಂದಿದ್ದರೆ ಸಹಿ ಇದೆ, ಬರೀ ಬಾ ಎಂದಿದ್ದರೆ ಇಲ್ಲ. ನಿತೇಶ ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ಸರಿಯಾಗಿ ಕೇಳಿಸಲಿಲ್ಲ, ಹೊರಗೆ ಟ್ರಾಮಿನ ಗದ್ದಲ ಇತ್ತು ಅಂದ. ಮಾರನೇ ಬೆಳಿಗ್ಗೆ ಬೂಟು ಹೊತ್ತು ಡೇರೆಗೆ ಹೊರಟ.

ನಾನು ಜಗಳ ಮಾಡಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಹಿಡಿದುಕೊಂಡು ಎಷ್ಟು ದಿನ ಬದುಕುವುದು, ನೇರ ಹೋಗಿ ಕೇಳು ಅಂದೆ. “ಹೋಗ್ಲಾ ಅಂತ ನಾನೇ ಹ್ಯಾಂಗ್ ಕೇಳ್ಲಿ?” ಅಂದ ಅವನು. ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿಕೊಂಡೆ. ಅವರು ನಿತೇಶನ ಅಜ್ಜನ ವಿಷಯ ತೆಗೆದರು. ಅರ್ಗಾ ಬಿಟ್ಟ ಮೇಲೂ ಅಜ್ಜ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ನೌಕಾನೆಲೆಯ ಕಂಪೌಂಡಿನ ಹೊರಗೆ ರಸ್ತೆಯ ಬದಿ ಕೂತಿರುತ್ತಿದ್ದರಂತೆ. ಗೋಡೆಯ ಆಚೆ ಅವರ ಬಾವಿ ಇತ್ತು.

“ಯಾರೂ ಬ್ಯಾಡ ಅನ್ಲಿಲ್ಲ, ಬಾಯ್,” ಅಂದರು ಅತ್ತೆ, ಮಗಳನ್ನು ಕರೆಯುವ ಹಾಗೆ. “ಮುದ್ಕರು, ಬ್ಯಾಸರ ಆತದೆ ಅಂದ್ಕಂಡು ಸುಮ್ಮಂಗಿದ್ವು. ಬ್ಯಾಡ ಅನ್ಬೇಕಿತ್ತು.”

ನಾನು ಬೇಡ ಅಂದೆ. ಅವನು ಹೋದ. ಇದನ್ನು ಬರೆಯುವಾಗಲೂ ನಾವು ಇದೇ ಕೋಣೆಯಲ್ಲಿದ್ದೇವೆ, ಮತ್ತೆ ಮಳೆ ಹಿಡಿದಿದೆ. ಸಹಿ ಆಗಿಲ್ಲ, ಕೋಣೆ ಬಿಡಿ ಎಂದು ಯಾರೂ ಹೇಳಿಯೂ ಇಲ್ಲ. ಊರಿಗೆ ಬಂದವರು ಇಲ್ಲೇ ಇರಬಾರದಿತ್ತೇ, ಇಲ್ಲಿ ಏನು ಕಡಿಮೆಯಾಗಿತ್ತು ಎಂದು ನಮ್ಮ ಕಡೆಯವರು ಫೋನಿನಲ್ಲಿ ಕೇಳುತ್ತಾರೆ. ಕಡಿಮೆ ಏನೂ ಇರಲಿಲ್ಲ. ಕಳೆದ ಮೇ ತಿಂಗಳಲ್ಲಿ ನಾವು ರಜೆಗೆ ಊರಿಗೆ ಬಂದಾಗ ಅಮದಳ್ಳಿಯ ಗದ್ದೆಬಯಲಿನಲ್ಲಿ ಪಂದ್ಯಾವಳಿ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನನಗೆ ಅದರಿಂದ ಎಷ್ಟು ಆಸೆ ಹುಟ್ಟಿತ್ತೆಂದರೆ, ಅವನು ಊರ ಹುಡುಗರ ಜೊತೆ ಒಂದು ಆಟ ಆಡಿದರೆ ಸಾಕು, ಕೋಲ್ಕತ್ತಾ ಅವನ ಮೈಯಿಂದ ಇಳಿದುಹೋಗುತ್ತದೆ, ಇಲ್ಲೇ ಎಲ್ಲಾದರೂ ಶಾಲೆಯಲ್ಲಿ ಆಟ ಕಲಿಸಿಕೊಂಡು ಇರಬಹುದು ಎಂದುಕೊಂಡಿದ್ದೆ.

ಕೊನೆಯ ಆಟ ಅಮದಳ್ಳಿಗೂ ಅಂಕೋಲೆಗೂ. ಅಂಕೋಲೆಯ ತಂಡಕ್ಕೆ ನನ್ನ ತಮ್ಮ ವಿನಾಯಕನೇ ನಾಯಕ. ನಿತೇಶ ಅಂಗಿ ತೊಟ್ಟು ಬೂಟು ಕಟ್ಟಿ ಗೆರೆಯ ಒಳಗೆ ಕಾಲಿಟ್ಟಿದ್ದ. ಬಯಲಿನ ಸುತ್ತ ನಿಂತವರೆಲ್ಲ ಸೀಟಿ ಹೊಡೆಯುತ್ತಿದ್ದರು. ಆಗ ವಿನಾಯಕ ಪಂಚರ ಹತ್ತಿರ ಹೋಗಿ ತಕರಾರು ತೆಗೆದ. ಹಿಂದೊಮ್ಮೆ ಸದಾಶಿವಗಡದ ತಂಡದವರು ಗೋವೆಯಿಂದ ಆಟಗಾರರನ್ನು ತಂದು ಕಪ್ ಗೆದ್ದಿದ್ದರಿಂದ, ಹೊರಗಿನ ಕ್ಲಬ್ಬಿನಲ್ಲಿರುವವರು ಇಲ್ಲಿ ಆಡಬಾರದು ಎಂಬ ನಿಯಮ ಮಾಡಿದ್ದಾರೆ. ನಿಯಮವೆಂದರೆ ಎಲ್ಲರಿಗೂ ಒಂದೇ. ಪಂಚರು ಮುಖ ಮುಖ ನೋಡಿಕೊಂಡರು. ಕೊನೆಗೆ ವಿನಾಯಕನೇ ನಿತೇಶನ ಮುಂದೆ ಬಂದು ನಿಂತ. ಕೆಟ್ಟ ಹುಡುಗನಲ್ಲ ಅವನು, ಧ್ವನಿ ತಗ್ಗಿಸಿಯೇ ಕೇಳಿದ.

“ಭಾವಾ, ಬ್ಯಾಸರ ಮಾಡ್ಕಬ್ಯಾಡಿ. ಆ ಕ್ಲಬ್ ಬಿಟ್ಟಾಯ್ತು ಅಂತ ಒಂದ್ ಮಾತ್ ಹೇಳಿ, ಸಾಕು. ಆಡೂಕೆ ನಮ್ದೇನ್ ಅಡ್ಡಿ ಇಲ್ಲೆ.”

ಒಂದು ಮಾತು. ಕೋಲ್ಕತ್ತಾದಲ್ಲಿ ಯಾರೂ ಬಾಯಿಂದ ಹೊರಗೆ ಹಾಕದ ಮಾತನ್ನು ಅವನೇ ಹೇಳಬೇಕಿತ್ತು, ತನ್ನ ಊರಿನ ಬಯಲಲ್ಲಿ, ತನ್ನ ಜನರ ಎದುರು. ನಾನು ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ನಿಂತು, ಹೇಳಪ್ಪಾ, ಹೇಳಿಬಿಡು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಸೀಟಿ ನಿಂತಿತ್ತು. ನಿತೇಶ ವಿನಾಯಕನ ಭುಜದ ಮೇಲೆ ಕೈ ಇಟ್ಟ.

“ಹೋಗು ಅಂತ ಅವ್ರು ಇನ್ನೂ ಹೇಳ್ಲಿಲ್ಲ,” ಅಂದ.

ಅಂಗಿ ಕಳಚಿ ಇನ್ನೊಬ್ಬನಿಗೆ ಕೊಟ್ಟ. ಅವನನ್ನು ಹಾಗೆ ಬರಿಗೈಯಲ್ಲಿ ಹೊರಗೆ ನಿಲ್ಲಿಸಲು ಪಂಚರಿಗೂ ಮನಸ್ಸಾಗಲಿಲ್ಲ. ಒಬ್ಬರು ಓಡಿಹೋಗಿ ಗೆರೆ ಕಾಯುವ ಲೈನ್‌ಮನ್ನನ ಬಾವುಟ ತಂದು ಅವನ ಕೈಯಲ್ಲಿಟ್ಟರು. ಅಮದಳ್ಳಿ ಸೋತಿತು. ಆಟ ಮುಗಿಯುವವರೆಗೂ ನನ್ನ ಗಂಡ ಆ ಬಾವುಟ ಹಿಡಿದು ಸುಣ್ಣದ ಗೆರೆಯ ಗುಂಟ ಓಡುತ್ತಿದ್ದ, ಒಂದು ಹೆಜ್ಜೆಯನ್ನೂ ಒಳಗೆ ಇಡಲಿಲ್ಲ, ಗೆರೆ ಬಿಟ್ಟು ದೂರವೂ ಹೋಗಲಿಲ್ಲ.