ಮೊದಲ ದನಿಯ ಮೊರ

ಭಾಗಮಂಡಲದಿಂದ ಎರಡು ಮೈಲಿ ಆಚೆಯ ಆ ಊರಿನಲ್ಲಿ ಇಪ್ಪತ್ತೆರಡು ವರ್ಷ ಹೊನ್ನಮ್ಮ ಬಾಯಿ ತೆರೆಯದೆ ಯಾವ ಮದುವೆಯೂ ಶುರುವಾದದ್ದಿಲ್ಲ. ಸೋಬಾನೆಯ ಮೊದಲ ಸಾಲು ಅವಳದು. ಉಳಿದ ಹೆಂಗಸರು ಅವಳ ಹಿಂದೆ. ಓದು ಬಾರದ, ಮಕ್ಕಳಿಲ್ಲದ, ತುಂಬಿದ ಮನೆಯ ಮೂರನೆಯ ಸೊಸೆಯಾದ ಅವಳಿಗೆ ಊರಿನಲ್ಲಿದ್ದ ಸ್ಥಾನ ಅದೊಂದೇ. ಅವಳ ಹಾಡಿನಲ್ಲಿ ಪ್ರತಿ ಹೆಣ್ಣೂ ರಾಜನ ಮಗಳು, ಪ್ರತಿ ಗಂಡೂ ಆನೆಯೇರಿ ಬರುವವನು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಬೋಜಪ್ಪನ ಮಗಳು ಯಮುನ ಟೀಚರ್ ಟ್ರೈನಿಂಗ್ ಮುಗಿಸಿ ಊರ ಶಾಲೆಗೇ ಬಂದಳು. ಆ ಬೇಸಿಗೆಯ ಮೊದಲ ಮದುವೆಯಲ್ಲಿ, ಹೊನ್ನಮ್ಮ ಉಸಿರೆಳೆದುಕೊಳ್ಳುವಷ್ಟರಲ್ಲಿ, ಅದೇ ಧಾಟಿಯಲ್ಲಿ ತಾನು ಕಟ್ಟಿದ ಹಾಡೊಂದನ್ನು ಎತ್ತಿಬಿಟ್ಟಳು. ಅದರಲ್ಲಿ ಮದುಮಗಳ ಹೆಸರಿತ್ತು, ಅವಳು ಸಾಕಿದ ಕುಂಟು ಕರುವಿತ್ತು, ಚೆಟ್ಟಳ್ಳಿಯ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಂಡನ್ನು ಹೊತ್ತು ತಂದ ಎಸ್ಟೇಟ್ ಜೀಪೂ ಇತ್ತು. ಹೆಂಗಸರು ನಕ್ಕರು. ಮದುಮಗಳು ಅತ್ತಳು. ತನ್ನ ಹಾಡಿಗೆ ಯಾರೂ ಎಂದೂ ಅತ್ತಿರಲಿಲ್ಲವೆಂದು ಹೊನ್ನಮ್ಮನಿಗೆ ಹೊಳೆದದ್ದು ಅಂದೇ.

"ಎಂತ ಗೂಡೆ, ಸೋಬಾನೆಲಿ ಜೀಪ್ ಓಡ್ಸುದಾ?" ಎಂದು ಹೊನ್ನಮ್ಮ ಆ ಹುಡುಗಿಯನ್ನು ಕೆಣಕಿದಳು.

"ಆನೆ ಎಲ್ಲಿ ಅತ್ತೆ? ಗಂಡು ಬಂದದ್ ಜೀಪ್‌ಲಿ ಅಲ್ಲಾ!"

ಮತ್ತೆ ನಗು. ಅಂದಿನಿಂದ ಯಮುನಳ ಮಡಿಕೆ ಕೆಡದ ಸೀರೆ, ಕೈಗಡಿಯಾರ, ಅವಳು ಹೇಳಿಕೊಟ್ಟ ಮಗ್ಗಿ ಯಾವುದು ಕಂಡರೂ ಕೇಳಿದರೂ ಹೊನ್ನಮ್ಮ ದಾರಿ ಬದಲಿಸುತ್ತಿದ್ದಳು.

ಮುಂದಿನ ಮದುವೆ ಪದ್ಮಯ್ಯನ ಮನೆಯದು. ಹೊನ್ನಮ್ಮ ವಾರ ಮೊದಲೇ ಹೋಗಿ ಅವನ ಹೆಂಡತಿ ತಂಗಮ್ಮನನ್ನು ಅಂಗಳದಲ್ಲೇ ಹಿಡಿದಳು.

"ಮೊದ್ಲ ಸೋಬಾನೆ ಹೇಳುವವ್ಕೆ ಧಾರೆಗೆ ಮುಂದೆ ಮೊರಲಿ ಅಕ್ಕಿ, ಬೆಲ್ಲ, ಎಲೆಅಡಿಕೆ ಕೊಟ್ಟ್ ಕಾಲ್ ಹಿಡಿಯೊಕು. ನಮ್ಮ ಅಜ್ಜಿ ಕಾಲದ ಕ್ರಮ."

"ಹೌದಾ? ನಂಗೆ ಗೊತ್ತೇ ಇಲ್ಲೆ!"

"ಗೊತ್ತಿಲ್ಲೆ ಹೇಳಿ ಬಿಟ್ಟರೆ ಮಗ್ಳಿಗೆ ಒಳ್ಳೇದಲ್ಲ."

ಅಂಥ ಕ್ರಮವೇ ಇರಲಿಲ್ಲ. ಮದುವೆಯ ಪದ್ಧತಿಗಳಿಗೆಲ್ಲ ದೇವರೋ ಹಿರಿಯರೋ ಮೂಲವೆಂದು ಜನ ಹೇಳುತ್ತಾರೆ. ಇದು ಹುಟ್ಟಿದ್ದು ಅಂದು ಹೊನ್ನಮ್ಮ ಯಮುನಳ ಶಾಲೆ ದಾಟಿ ತಂಗಮ್ಮನ ಅಂಗಳಕ್ಕೆ ನಡೆದುಬಂದ ಅರ್ಧ ಮೈಲಿ ದಾರಿಯಲ್ಲಿ.

ಹೆದರಿದ ತಂಗಮ್ಮ ಮೊರ ಕೊಟ್ಟಳು, ಕಾಲೂ ಹಿಡಿದಳು. ಯಮುನ ಹಿಂದಿನ ಸಾಲಿನಲ್ಲಿ ಕೂತು ದನಿಗೂಡಿಸಿದಳು. ಹೊನ್ನಮ್ಮ ಆ ಬೆಲ್ಲವನ್ನು ಮನೆಯಲ್ಲಿ ಯಾರಿಗೂ ಕೊಡದೆ ಒಬ್ಬಳೇ ತಿಂದಳು.

ಮೂರನೆಯದು ಸಾಂತಪ್ಪನ ಮಗಳ ಮದುವೆ. ಧಾರೆಗೆ ಮೊದಲು ಸಾಂತಪ್ಪನ ಹೆಂಡತಿ ಪೂವಮ್ಮ ಮೊರ ಹಿಡಿದು ಬಂದಳು. ಹೊನ್ನಮ್ಮ ಸೆರಗು ಸರಿಮಾಡಿಕೊಂಡಳು. ಪೂವಮ್ಮ ಅವಳನ್ನು ದಾಟಿ ಹೋಗಿ ಯಮುನಳ ಮುಂದೆ ನಿಂತಳು.

"ನನ್ನ ಮಗ್ಳಿಗಾಗಿಯೇ ಹಾಡ್ ಕಟ್ಟಿದ ಗೂಡೆ ನೀನ್. ಇಂದ್ ಮೊದ್ಲ ದನಿ ನಿಂದೇ."

"ಬೇಡ ಅತ್ತೆ, ಅದ್ ಹೊನ್ನಮ್ಮತ್ತೆಗೆ ಸೇರಿದ್ದ್," ಎಂದು ಯಮುನ ಕೈ ಹಿಂದೆಗೆದಳು. ಆ ಔದಾರ್ಯ ಹೊನ್ನಮ್ಮನನ್ನು ಇನ್ನಷ್ಟು ಸುಟ್ಟಿತು.

ಮೂಲೆಯಿಂದ ಮುದುಕಿ ಮುದ್ದಿ ಗದರಿದಳು: "ತಗೋ ಗೂಡೆ! ಹಾಡ್ ಕಟ್ಟಿದವ್ಕೇ ಮೊರ. ನಮ್ಮ ಅಜ್ಜಿನೂ ಹಂಗೇ ಹೇಳ್ತಿತ್ತ್."

"ಹೌದೌದು, ನಮ್ಮ ಅಜ್ಜಿನೂ," ಎಂದರು ಇನ್ನಿಬ್ಬರು.

ಮುದ್ದಿಯ ಅಜ್ಜಿ ಅಂಥದ್ದೇನೂ ಹೇಳಿರಲಾರಳೆಂದು ಆ ಚಪ್ಪರದಡಿ ಖಚಿತವಾಗಿ ತಿಳಿದಿದ್ದವಳು ಹೊನ್ನಮ್ಮ ಒಬ್ಬಳೇ. ಸುಳ್ಳೆಂದು ಕೂಗಬಹುದಿತ್ತು. ಕೂಗಿದರೆ ತನ್ನ ಸುಳ್ಳೂ ಬಯಲಾಗುತ್ತಿತ್ತು; ಅವಳ ಕಾಲು ಹಿಡಿದಿದ್ದ ತಂಗಮ್ಮ ಅಲ್ಲೇ ಮಣೆ ಒರೆಸುತ್ತಿದ್ದಳು. ಹೊನ್ನಮ್ಮ ಎದ್ದು ನಿಂತಳು. ಎಲ್ಲರೂ ಅವಳತ್ತ ತಿರುಗಿದರು.

"ಮೊರನ ಎಡಗೈಲಿ ಮುಟ್ಟಿಕೆ ಆಗದ್," ಎಂದಳು. "ಮೂಡಕ್ಕೆ ಮೊಖ ಮಾಡಿ ಕುದ್ದ್‌ಕೊಂಡ್ ತಗಣೊಕು. ಇಷ್ಟೂ ಗೊತ್ತಿಲ್ಲೆನಾ ನಿಮ್ಗೆ?"

ಯಮುನ ಎದ್ದು ಮೂಡಕ್ಕೆ ತಿರುಗಿ ಕೂತಳು. ಪೂವಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮೊದಲಿನಿಂದ ಬಂದು, ಮೊರವನ್ನು ಅವಳ ಬಲಗೈಗೆ ಕೊಟ್ಟಳು.