ಹನುಮಪ್ಪನ ಪಾದದಲ್ಲಿ ನನ್ನ ಪೆಡಲು

ಕೊಪ್ಪಳ ಬಿಟ್ಟ ದಿನ ನನ್ನ ಸೈಕಲ್ಲಿನ ಎರಡೂ ಪೆಡಲು ಗರಡಿಯ ಹನುಮಪ್ಪನ ಪಾದದ ಬಳಿ ಇದ್ದವು. ಬಿಚ್ಚಿಟ್ಟವರು ನನ್ನ ಉಸ್ತಾದ ಹುಸೇನಸಾಬರು. ಪೈಲವಾನರಿಗೂ ಸೈಕಲ್ ಸವಾರರಿಗೂ ಅವರದು ಒಂದೇ ಕಾನೂನು: ಮಳೆಗಾಲದಲ್ಲಿ ಹದಿನೈದು ದಿನ ಮೈಗೆ ಪೂರಾ ವಿಶ್ರಾಂತಿ. ಹಿಂದಿನ ವರ್ಷ ಆ ಮಾತು ಕೇಳದೆ ಸೈಕಲ್ ತುಳಿದು, ಪಂದ್ಯದ ಅರ್ಧ ಹಾದಿಯಲ್ಲೇ ಮೊಣಕಾಲು ಹಿಡಿದುಕೊಂಡು ಕುಳಿತಿದ್ದೆ.

"ಈ ಸಲಾನೂ ಮೊಣಕಾಲು ಹೋತಂದ್ರ ನಿನ್ನ ಸವಾರಿ ಮುಗೀತಂತ ತಿಳಿ," ಎಂದಿದ್ದರು.

ವಿಶ್ರಾಂತಿಗೆಂದು ಅಕ್ಕನ ಊರಿಗೆ ಹೊರಟೆ. ಪೆಟ್ರೋಲು ಸಿಗದ ಯುದ್ಧದ ಕಾಲ. ಇದ್ದಿಲಿನ ಹೊಗೆಯಲ್ಲಿ ಓಡುವ ಮೋಟಾರು ಬಸ್ಸು ಕೆಮ್ಮುತ್ತಾ ಗಂಗಾವತಿಗೆ ಹೊರಟಿತು; ಟಿಕೀಟು ಒಂಬತ್ತಾಣೆ. ಗಿಣಿಗೇರಿಯ ಹತ್ತಿರ ಎದುರಿಗೆ ಕುಷ್ಟಗಿಯ ವೀರೇಶ ಕೆಸರು ಹಾರಿಸುತ್ತಾ ಸೈಕಲ್ ಮೇಲೆ ಬಂದ. ನಾನು ಅರ್ಧಕ್ಕೆ ಬಿಟ್ಟ ಆ ಪಂದ್ಯ ಗೆದ್ದವನು ಅವನೇ. ನನ್ನನ್ನು ಕಂಡು ಕೈ ಬೀಸಿದ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು.

ಗಂಗಾವತಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಎಂಟು ಮೈಲು ಎತ್ತಿನ ಗಾಡಿಯಲ್ಲಿ ಕುಳಿತು ಆನೆಗೊಂದಿಯ ಅಕ್ಕನ ಮನೆ ಸೇರಿದೆ. ಮರುದಿನವೇ ಭಾವನ ಗದ್ದೆಗಿಳಿದೆ. ನಾಟಿಗೆ ಮುಂಚೆ ಹೊಂಗೆ ಸೊಪ್ಪನ್ನು ಕೆಸರಿಗೆ ತುಳಿದು ಸೇರಿಸುವ ಕೆಲಸ. ಉಸ್ತಾದರು ಸೈಕಲ್ ಮುಟ್ಟಬೇಡ ಎಂದಿದ್ದರು, ಕೆಸರು ತುಳಿಯಬೇಡ ಎಂದಿರಲಿಲ್ಲವಲ್ಲ. ವೀರೇಶನಿಗಿಂತ ನಾನೇನು ಕಡಿಮೆ ಎಂಬ ಹಟದಿಂದ ನಾಲ್ಕು ದಿನ ಎಲ್ಲರಿಗಿಂತ ಜೋರಾಗಿ ತುಳಿದೆ. ನಾಲ್ಕನೆಯ ಸಂಜೆ ಮೊಣಕಾಲು ಬಾತು, ಹೊಸ್ತಿಲು ದಾಟುವುದೂ ಕಷ್ಟವಾಯಿತು.

ಅಕ್ಕ ಬಿಸಿನೀರು ಹಾಕುತ್ತಾ ಬೈದಳು. "ದಣಿವು ಆರಿಸ್ಕೊಳ್ಳಾಕ ಬಂದಾಂವ ಕ್ವಾಣ ದುಡಿದಂಗ ದುಡಿದಿ."

"ಸೈಕಲ್ ಮುಟ್ಟಿಲ್ಲ ಬಿಡಕ್ಕ."

"ನನಗ್ಯಾಕ ಹೇಳ್ತಿ? ನಿನ್ನ ಮೊಣಕಾಲಿಗೆ ಹೇಳು."

ಮರುದಿನ ಅಕ್ಕನ ಅತ್ತೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಬಾಳೆನಾರು ಹೊಸೆಯಲು ಕೊಟ್ಟರು. ಕೈ ನಾರು ಹೊಸೆಯುತ್ತಿದ್ದರೆ ಪಾದಗಳು ಪೆಡಲು ತುಳಿಯುವಂತೆ ತಾವಾಗಿಯೇ ತಿರುಗುತ್ತಿದ್ದವು. "ಕಾಲು ಇನ್ನಾ ಹಾದಿ ಮ್ಯಾಲ ಅದಾವಲ್ಲೋ," ಎಂದು ಮುದುಕಿ ನಕ್ಕರು. ಐವತ್ತು ಮೈಲು ತುಳಿಯುವುದಕ್ಕಿಂತ ಸುಮ್ಮನೆ ಕೂರುವುದು ಕಷ್ಟ. ಹಲ್ಲು ಕಚ್ಚಿ ಕೂತೆ. ಹೊಳೆಯ ಕಡೆಯಿಂದ ಮಳೆ ಬರುತ್ತಿತ್ತು, ಹೋಗುತ್ತಿತ್ತು. ಹನ್ನೊಂದನೆಯ ದಿನ ಮುದುಕಿ, "ಇವತ್ತ ಸುಮ್ಮನಾದ್ವು ನೋಡು," ಎಂದರು. ಬಾವೂ ಇಳಿದಿತ್ತು.

ಹದಿನಾರನೆಯ ದಿನ ಕೊಪ್ಪಳಕ್ಕೆ ಮರಳಿದೆ. ಉಸ್ತಾದರು ಮೊಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಛಲೋ ಐತಿ. ಕುಷ್ಟಗಿಯಾಂವ ದಿನಾ ಸೈಕಲ್ ಹೊಡ್ಯಾಕ ಹತ್ಯಾನಂತ. ಹೋಗು, ಪೆಡಲು ತಗೋ."

ಹನುಮಪ್ಪನ ಮುಂದೆ ಬಗ್ಗಿ ಎತ್ತಿಕೊಂಡೆ. ಉಸ್ತಾದರು ಎಣ್ಣೆ ಹಚ್ಚಿ ಇಟ್ಟಿದ್ದರು. ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿದೆ. ಆದರೂ ಮತ್ತೆ ಅಲ್ಲೇ ಇಟ್ಟೆ.

"ನಾಕು ದಿನ ಗದ್ಯಾಗ ಕೆಸರು ತುಳಿದೀನ್ರಿ ಉಸ್ತಾದ. ಅವು ಲೆಕ್ಕಕ್ಕಿಲ್ಲ. ಇನ್ನ ನಾಕು ದಿನ ಬಿಟ್ಟು ಬರ್ತೀನ್ರಿ."

"ನಿನ್ನ ಕಾಲುಗುರಿನಾಗಿನ ಕೆಸರಿನ ಕಲೆ ಆಗಲೇ ನೋಡೀನಿ," ಎಂದರು ಅವರು. "ನೀನಾಗೇ ಹೇಳ್ತೀಯೋ ಇಲ್ಲೋ ಅಂತ ಕಾಯಾಕತ್ತಿದ್ದೆ."

ನಾಲ್ಕು ದಿನ ಬಿಟ್ಟು ಹೋದಾಗ ಪೆಡಲುಗಳನ್ನು ಅವರೇ ಸೈಕಲ್ಲಿಗೆ ಕೂಡಿಸಿ, ಗರಡಿಯ ಬಾಗಿಲಲ್ಲಿ ನಿಲ್ಲಿಸಿದ್ದರು.